ಬತ್ತಿದ ಬಾವಿಯ ಲೆಕ್ಕ

(ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಅಂತರ್ಜಲದ ಬಗ್ಗೆ ಉಪನ್ಯಾಸ ಅಂದರೆ ಮಳೆಕೊಯ್ಲು, ಇಂಗುಗುಂಡಿ, ಗಿಡ ನೆಡುವುದು ಎಂದು ನೀವು ಆಗಲೇ ಮನಸ್ಸಿನಲ್ಲಿ ಅಂದುಕೊಂಡು ಬಂದಿರುತ್ತೀರಿ. ಅವೆಲ್ಲ ಬೇಕಾದವೇ. ಆದರೆ ಹತ್ತಾರು ಸಲ ಕೇಳಿದ್ದನ್ನೇ ಇನ್ನೊಮ್ಮೆ ಕೇಳಿಸಲು ನಾನು ಬಂದಿಲ್ಲ. ನನ್ನ ವಿಷಯ ಲೆಕ್ಕ. ನೆಲದಡಿಯ ನೀರು ಏರಿತೇ, ಇಳಿಯಿತೇ, ಕುಡಿಯಲು ಯೋಗ್ಯವಾಗಿದೆಯೇ ಎಂಬುದನ್ನು ಯಾರು ಬರೆದಿಡುತ್ತಾರೆ, ಹೇಗೆ ಬರೆಯುತ್ತಾರೆ, ಬರೆದದ್ದು ಆಮೇಲೆ ಏನಾಗುತ್ತದೆ ಎಂಬ ಒಣ ವಿಷಯ. ಮಳೆಯ ಚಾಳಿ ಬದಲಾಗುತ್ತಿರುವಾಗ ಈ ಲೆಕ್ಕ ತಪ್ಪಿದರೆ, ನೀರಿಗೆಂದು ಸುರಿಯುವ ದುಡ್ಡೂ ತಪ್ಪು ಜಾಗಕ್ಕೇ ಹೋಗುತ್ತದೆ.

ಒಂದು ಒಳ್ಳೆಯ ಸುದ್ದಿಯಿಂದಲೇ ಶುರು ಮಾಡುತ್ತೇನೆ. 2017ರ ಸುಮಾರಿಗೆ ಹೊರಬಂದ ಕೆಲವು ಅಧ್ಯಯನಗಳು, ಉತ್ತರ ಭಾರತದಲ್ಲಿ ಅಂತರ್ಜಲ ಕುಸಿಯುತ್ತಿದ್ದರೂ ದಕ್ಷಿಣದಲ್ಲಿ ಚೇತರಿಸಿಕೊಳ್ಳುತ್ತಿದೆ ಎಂದು ಹೇಳಿದವು. ಸರ್ಕಾರದ ವೀಕ್ಷಣಾ ಬಾವಿಗಳ ಅಂಕಿಅಂಶವೂ ಅದನ್ನೇ ಹೇಳುತ್ತಿತ್ತು, ನೆಲದ ನೀರನ್ನು ಆಕಾಶದಿಂದಲೇ ತೂಗುವ ಗ್ರೇಸ್ ಉಪಗ್ರಹಗಳ ಅಳತೆಯೂ ಅದಕ್ಕೆ ಹತ್ತಿರದಲ್ಲೇ ಇತ್ತು. ಅದೇ ವರ್ಷಗಳಲ್ಲಿ ಕೋಲಾರದಲ್ಲಿ, ಚಿಕ್ಕಬಳ್ಳಾಪುರದಲ್ಲಿ ರೈತರು ಸಾವಿರ ಅಡಿ ಕೊರೆಸಿ ಬರೀ ದೂಳು ಕಂಡು ಕೈಚೆಲ್ಲಿ ಕೂತಿದ್ದರು. ಎರಡೂ ನಿಜವಾಗಿರಲು ಹೇಗೆ ಸಾಧ್ಯ?

2019ರಲ್ಲಿ ತೇಜಸ್ವಿ ಹೋರಾ, ವೀಣಾ ಶ್ರೀನಿವಾಸನ್, ನಂದಿತಾ ಬಸು ಎಂಬ ಮೂವರು ಸಂಶೋಧಕರು ಈ ಗಂಟನ್ನು ಬಿಚ್ಚಿದರು. ಅವರು ನೋಡಿದ್ದು ಪಟ್ಟಿಯಲ್ಲಿದ್ದ ಅಂಕಿಗಳನ್ನಷ್ಟೇ ಅಲ್ಲ, ಖಾಲಿ ಬಿಟ್ಟ ಕಾಲಂಗಳನ್ನೂ ನೋಡಿದರು. ಒಂದು ಬಾವಿ ಬತ್ತಿದಾಗ ಅಳೆಯಲು ಹೋದವನಿಗೆ ಅಲ್ಲಿ ಅಳೆಯಲು ಏನೂ ಇರುವುದಿಲ್ಲ. ಕಾಲಂ ಖಾಲಿ ಉಳಿಯುತ್ತದೆ. ಖಾಲಿ ಕಾಲಮ್ಮಿನ ಬಾವಿ ಸರಾಸರಿಯಿಂದ ಹೊರಗೆ ಬೀಳುತ್ತದೆ. ನೀರು ಉಳಿದ ಬಾವಿಗಳಷ್ಟೇ ಲೆಕ್ಕದಲ್ಲಿ ಉಳಿಯುತ್ತವೆ.

ಇದನ್ನು ಇಲ್ಲೇ ಕೂಡಿಸಿ ಕಳೆದು ನೋಡೋಣ, ಮಕ್ಕಳೂ ಇದ್ದೀರಿ. ಐದು ಬಾವಿಗಳಿವೆ ಅನ್ನಿ. ನೀರು ಕ್ರಮವಾಗಿ 20, 25, 30, 40, 60 ಅಡಿ ಆಳದಲ್ಲಿ ಸಿಗುತ್ತದೆ. ಸರಾಸರಿ 35 ಅಡಿ. ಮರುವರ್ಷ ಐದರಲ್ಲೂ ಐದೈದು ಅಡಿ ನೀರು ಇಳಿಯಿತು. 60 ಅಡಿಯಲ್ಲಿ ನೀರಿದ್ದ ಬಾವಿಯ ತಳ ಕಂಡಿತು, ಅದು ಪಟ್ಟಿಯಿಂದ ಹೋಯಿತು. ಉಳಿದವು 25, 30, 35, 45. ಸರಾಸರಿ 33.75 ಅಡಿ. ಎಲ್ಲ ಬಾವಿಯಲ್ಲೂ ನೀರು ಇಳಿದಿದೆ, ಒಂದಂತೂ ಸತ್ತೇ ಹೋಗಿದೆ, ಆದರೂ ವರದಿಯ ಪ್ರಕಾರ ನೀರು ಒಂದೂಕಾಲು ಅಡಿ ಮೇಲೆ ಬಂದಿದೆ! ಯಾರೂ ಸುಳ್ಳು ಬರೆಯಲಿಲ್ಲ, ಲಂಚ ತಿನ್ನಲಿಲ್ಲ. ಖಾಲಿ ಕಾಲಮ್ಮಿಗೆ ‘ಬತ್ತಿದೆ, ತಳ ಇಷ್ಟು ಅಡಿ’ ಎಂದು ಎರಡು ಮಾತು ಬರೆಯದೆ ಬಿಟ್ಟದ್ದಕ್ಕೆ ಆದ ಫಲ ಇದು.

ನಮ್ಮ ಬಡಾವಣೆಗಳಲ್ಲೂ ಹೀಗೇ. ಎಷ್ಟು ಬೋರು ಇದೆ ಎಂದರೆ ಓಡುತ್ತಿರುವ ಬೋರಿನ ಲೆಕ್ಕ ಸಿಗುತ್ತದೆ. ಫೇಲಾದ ಬೋರಿಗೆ ಒಂದು ಕಲ್ಲು ಮುಚ್ಚಿ, ಪಕ್ಕದಲ್ಲಿ ಇನ್ನೊಂದು ಕೊರೆಸಿ, ಹಳೆಯದನ್ನು ಮರೆಯುತ್ತೇವೆ. ನನ್ನ ಮಟ್ಟಿಗೆ ಈ ಊರಿನ ಅಂತರ್ಜಲದ ಚರಿತ್ರೆ ಇರುವುದೆಲ್ಲ ಆ ಕಲ್ಲುಗಳ ಕೆಳಗೆ.

ಕೆಳಗೆ ಇರುವುದಾದರೂ ಏನು? ಮೈಸೂರು ನಿಂತಿರುವುದು ನೈಸ್ ಎಂಬ ಬಹು ಹಳೆಯ ಗಟ್ಟಿ ಶಿಲೆಯ ಮೇಲೆ. ಮೇಲೆ ಒಂದಷ್ಟು ಮಣ್ಣು, ಅದರಡಿ ಬಂಡೆ ಕೊಳೆತು ಪುಡಿಯಾದ ಗರಸಿನ ಪದರ, ಅದರ ಕೆಳಗೆ ಅಲ್ಲಲ್ಲಿ ಬಿರುಕು ಬಿಟ್ಟ ಬಂಡೆ. ನೆಲದಡಿಯಲ್ಲಿ ನದಿ ಹರಿಯುತ್ತಿದೆ, ಸರೋವರ ಇದೆ ಎಂದು ನಂಬಿಸುವವರುಂಟು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟು ಹೇಳುವವರ ತಂಟೆಗೆ ನಾನು ಹೋಗುವುದಿಲ್ಲ, ಅವರ ಬೋರು ಫೇಲಾದಾಗಲೂ ಫೀಸು ವಾಪಸು ಬಂದದ್ದನ್ನು ಕಂಡಿಲ್ಲ ಎಂದಷ್ಟೇ ಹೇಳುತ್ತೇನೆ. ಹಳೆಯ ಬಾವಿಗಳ ನೀರು ಇದ್ದದ್ದು ಗರಸಿನ ಪದರದಲ್ಲಿ. ಈಗಿನ ಬೋರುಗಳು ಹುಡುಕುತ್ತಿರುವುದು ಬಿರುಕಿನ ನೀರನ್ನು.

ಇಲ್ಲಿ ಕುಂಬಾರರ ಮನೆತನದವರಿಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿ ನೆರವಿಗೆ ಬರುತ್ತದೆ. ಕೆರೆಯಂಗಳದ ಜೇಡಿ ತಂದು ನೀರು ಹಾಕಿ ತುಳಿದಾಗ ಅದು ಎಷ್ಟೊಂದು ನೀರು ಕುಡಿಯುತ್ತದೆ! ಆದರೆ ಆ ಮುದ್ದೆಯನ್ನು ಎತ್ತಿ ಹಿಡಿದರೆ ಒಂದು ತೊಟ್ಟೂ ಕೆಳಗೆ ಬೀಳುವುದಿಲ್ಲ. ನೀರು ಇಟ್ಟುಕೊಳ್ಳುವುದು ಬೇರೆ, ಬಿಟ್ಟುಕೊಡುವುದು ಬೇರೆ. ದೇಶದಾದ್ಯಂತ ಅಂತರ್ಜಲದ ಅಂದಾಜಿಗೆ ಬಳಸುವ ಸರ್ಕಾರಿ ಮಾನದಂಡದಲ್ಲಿ ಜೇಡಿ ಹೆಚ್ಚಿರುವ, ಶಿಥಿಲವಾದ ನೈಸ್ ಪದರ ಬಿಟ್ಟುಕೊಡುವ ನೀರನ್ನು ನೂರಕ್ಕೆ ಒಂದೂವರೆ ಪಾಲು ಎಂದು ಹಿಡಿಯುತ್ತಾರೆ. ಜೇಡಿ ಕಡಿಮೆ ಇದ್ದರೆ ನೂರಕ್ಕೆ ಮೂರು. ಬಿದ್ದ ಮಳೆಯಲ್ಲಿ ಆ ಪದರಕ್ಕೆ ಇಂಗುವುದು ಮೊದಲನೆಯದರಲ್ಲಿ ನೂರಕ್ಕೆ 8, ಎರಡನೆಯದರಲ್ಲಿ 11.

ಮೈಸೂರಿನ ಮಳೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್. ಅದರ ನೂರಕ್ಕೆ ಎಂಟು ಅಂದರೆ 64 ಮಿಲಿಮೀಟರ್, ಒಂದು ಗೇಣೂ ಇಲ್ಲ. ಆದರೆ ಬಿಟ್ಟುಕೊಡುವ ಜಾಗ ನೂರಕ್ಕೆ ಒಂದೂವರೆಯಷ್ಟೇ ಇರುವ ಪದರದಲ್ಲಿ ಅಷ್ಟೇ ನೀರು ಬಾವಿಯ ಮಟ್ಟವನ್ನು ನಾಲ್ಕು ಮೀಟರಿಗೂ ಮೇಲೆ, ಸುಮಾರು 14 ಅಡಿ ಏರಿಸುತ್ತದೆ. ಜನ ಹಿಗ್ಗುತ್ತಾರೆ. ಇಳಿಯುವುದೂ ಅಷ್ಟೇ ಬೇಗ. ಇನ್ನು ಆಳದ ಬಿರುಕುಗಳಲ್ಲಿ ಜಾಗ ಇದಕ್ಕಿಂತ ಕಡಿಮೆ, ಹಾಗಾಗಿ ಅಲ್ಲಿ ಏರಿಳಿತ ಇನ್ನೂ ಜೋರು. ಮಟ್ಟ 14 ಅಡಿ ಏರಿತು ಎಂಬ ಒಂದೇ ಅಂಕಿ ಹಿಡಿದುಕೊಂಡು ನೀರು ಸಮೃದ್ಧವಾಗಿದೆ ಎಂದು ಹೇಳಲಾಗದು. ಯಾವ ಪದರದ ಬಾವಿ, ಎಷ್ಟು ಆಳ, ಕೇಸಿಂಗ್ ಎಲ್ಲಿಯವರೆಗೆ ಎಂಬುದು ಪಕ್ಕದಲ್ಲಿ ಬರೆದಿರಲೇಬೇಕು.

ಅಳೆಯುವ ಕೆಲಸ ನೋಡಲು ಬಹಳ ಸುಲಭ. ಗುರುತು ಹಾಕಿದ ಟೇಪಿನ ತುದಿಗೆ ಒಂದು ಸಣ್ಣ ಲೋಹದ ಮೂತಿ. ಅದನ್ನು ಬೋರಿನೊಳಗೆ ಇಳಿಬಿಟ್ಟರೆ ನೀರು ತಾಗಿದ ಕೂಡಲೇ ಸುರುಳಿಯಲ್ಲಿ ಪೀಂ ಎಂದು ಸದ್ದಾಗುತ್ತದೆ. ಅಂಕಿ ನೋಡಿ ಬರೆದುಕೊಳ್ಳುವುದು. ಆದರೆ ಆ ಅಂಕಿ ಕೈಕೊಡುವುದು ಎಲ್ಲೆಲ್ಲಿ ನೋಡಿ. ಪಕ್ಕದ ಮನೆಯ ಮೋಟಾರು ಓಡುತ್ತಿದ್ದರೆ ನೀರು ಹತ್ತಾರು ಅಡಿ ಕೆಳಗೆ ಕುಸಿದಿರುತ್ತದೆ. ಅದು ನೆಲದ ನೀರಿನ ಮಟ್ಟವಲ್ಲ, ಮೋಟಾರು ಎಳೆದ ಮಟ್ಟ. ಮೋಟಾರು ನಿಲ್ಲಿಸಿ ಎಷ್ಟು ಹೊತ್ತಾದ ಮೇಲೆ ಅಳೆದದ್ದು ಎಂದು ಬರೆಯದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಕೇಸಿಂಗ್ ಪೈಪಿನ ಬಾಯಿಂದ ಅಳೆದಿರೋ, ನೆಲದಿಂದಲೋ? ಪೈಪು ನೆಲದಿಂದ ಎರಡಡಿ ಮೇಲಿರುತ್ತದೆ, ಅದನ್ನು ಕಳೆಯಬೇಕು.

ಸರಿ, ನೆಲದಿಂದ ಅಂದಿರಿ. ಯಾವ ನೆಲ? ನೀರಿನ ತೊಂಬೆಯ ಪಕ್ಕದ ಬೋರು ತಗೊಳ್ಳಿ. ಡಾಂಬರು ರಸ್ತೆ ಇದ್ದಲ್ಲಿಗೆ ಹಳೆಯದನ್ನು ಅಗೆಯದೆ ಮೇಲೆಯೇ ಕಾಂಕ್ರೀಟು ಹಾಕಿ ಹೋಗುತ್ತಾರೆ, ರಸ್ತೆ ಒಂದಡಿ ಮೇಲೇಳುತ್ತದೆ. ಮನೆಗಳಿಗೆ ಮಳೆನೀರು ನುಗ್ಗುವುದು ಎಲ್ಲರಿಗೂ ಕಾಣುತ್ತದೆ. ಬೋರಿನ ಅಳತೆ ಅವತ್ತಿನಿಂದ ಒಂದಡಿ ತಪ್ಪಾಯಿತೆಂಬುದು ಯಾರಿಗೂ ಕಾಣುವುದಿಲ್ಲ. ಹೊಸ ಹುಡುಗ ಬಂದು ರಸ್ತೆಯ ಮಟ್ಟದಿಂದ ಅಳೆದು ಬರೆಯುತ್ತಾನೆ, ಹಳೆಯ ಹಾಳೆಯಲ್ಲಿ ಹಳೆಯ ರಸ್ತೆ. ಎರಡನ್ನೂ ಒಂದೇ ಗೆರೆಯಲ್ಲಿ ಸೇರಿಸಿ ನಕ್ಷೆ ಬರೆದರೆ ನೀರು ತಾನಾಗಿಯೇ ಒಂದಡಿ ಇಳಿದುಬಿಟ್ಟಿರುತ್ತದೆ. ಇದಕ್ಕೆ ಬೇಕಾದದ್ದು ದುಬಾರಿ ಯಂತ್ರವಲ್ಲ, ಪೈಪಿನ ಬಾಯಲ್ಲಿ ಬಣ್ಣದ ಒಂದು ಗುರುತು ಮತ್ತು ‘ಈ ಗುರುತಿನಿಂದ’ ಎಂಬ ಒಂದು ಸಾಲು.

ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತ ಬಂದಿದೆ: ಜನವರಿ, ಮುಂಗಾರಿಗೆ ಮುನ್ನ, ಆಗಸ್ಟ್, ನವೆಂಬರ್. ರಾಷ್ಟ್ರೀಯ ಜಲವಿಜ್ಞಾನ ಯೋಜನೆಯಿಂದಾಗಿ ಈಗ ಕೆಲವು ಬಾವಿಗಳಲ್ಲಿ ತಾನೇ ಅಳೆದು ತಾನೇ ಕಳಿಸುವ ಉಪಕರಣಗಳೂ ಬಂದಿವೆ. ಒಳ್ಳೆಯದೇ. ಆದರೆ ಅವು ಒಂದು ತಾಲ್ಲೂಕಿಗೆ ಬೆರಳೆಣಿಕೆಯಷ್ಟು. ಈ ಗಟ್ಟಿ ಬಂಡೆಯ ಸೀಮೆಯಲ್ಲಿ ಒಂದು ಬೋರಿನಲ್ಲಿ ಮೂರಿಂಚು ನೀರು ಬಂದರೆ ಐವತ್ತಡಿ ಆಚೆ ಬರಿ ದೂಳು. ಉಪಗ್ರಹವಂತೂ ನೂರಾರು ಕಿಲೋಮೀಟರ್ ಅಗಲದ ಪ್ರದೇಶವನ್ನು ಒಂದೇ ಉಂಡೆಯಾಗಿ ತೂಗುತ್ತದೆ. ಅದರ ಕಣ್ಣಿಗೆ ಮೈಸೂರೇ ಬೀಳದು, ಕುಂಬಾರಕೊಪ್ಪಲು ಎಲ್ಲಿ ಬಂತು?

ಲೆಕ್ಕ ಇಡುವುದು ನಮ್ಮ ನಾಡಿಗೆ ಹೊಸದಲ್ಲ. ಕೆರೆಗೊಬ್ಬ ನೀರುಗಂಟಿ ಇದ್ದ. ಯಾವ ತೂಬು ಯಾವ ದಿನ ಎಷ್ಟು ಹೊತ್ತು ತೆರೆಯಬೇಕು, ಕೋಡಿ ಬೀಳಲು ಎಷ್ಟು ಬಾಕಿ, ನೀರು ಕಡಿಮೆಯಾದ ವರ್ಷ ಯಾವ ಗದ್ದೆಗೆ ಬಿಡಬಾರದು ಎಲ್ಲ ಅವನ ತಲೆಯಲ್ಲಿತ್ತು. ಶಾನುಭೋಗರ ಕಡತದಲ್ಲಿ ಬೆಳೆಯ ಲೆಕ್ಕ ಇತ್ತು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ನೆಲಕಚ್ಚಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿಯಿತು. ಆಮೇಲೆ 1890ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಮುಂದಾಳತ್ವದಲ್ಲಿ ಸಂಸ್ಥಾನಕ್ಕೆ ತನ್ನದೇ ಹವಾಮಾನ ಇಲಾಖೆ ಬಂತು. ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳಾದವು. 1988ರಲ್ಲಿ ರಾಜ್ಯ ಬರ ಉಸ್ತುವಾರಿ ಕೋಶ ತೆರೆಯಿತು. ಇವತ್ತಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅದೇ. ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ ಇಟ್ಟು, ಅಲ್ಲಿಂದ ತಾನಾಗಿ ಅಂಕಿ ಬರುವಂತೆ ಮಾಡಿರುವುದು ದೇಶಕ್ಕೇ ಮಾದರಿಯಾದ ಕೆಲಸ. ರೈತ ‘ವರುಣ ಮಿತ್ರ’ಕ್ಕೆ ಫೋನು ಮಾಡಿ ಮಳೆ ಬರುತ್ತದೋ ಇಲ್ಲವೋ ಕೇಳಬಹುದು. ಮುಗಿಲಿಂದ ಬೀಳುವ ನೀರಿನ ಲೆಕ್ಕದಲ್ಲಿ ಕರ್ನಾಟಕ ಇಷ್ಟು ಮುಂದಿದೆ. ನೆಲದೊಳಕ್ಕೆ ಇಳಿದ ಮೇಲೆ ಅದೇ ನೀರಿಗೆ ದಿಕ್ಕುದೆಸೆಯಿಲ್ಲ.

ಮಳೆಯ ಹಳೆಯ ಸರಾಸರಿಗಳು ಈಗ ಮೊದಲಿನಷ್ಟು ಕೆಲಸಕ್ಕೆ ಬಾರವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿದರು, ಕೃಷ್ಣರಾಜಸಾಗರ ತುಂಬಲಿಲ್ಲ. 2024ರಲ್ಲಿ ತುಂಬಿತು. 2025ರಲ್ಲಿ ಜೂನ್ ತಿಂಗಳಲ್ಲೇ 124.80 ಅಡಿ ಮುಟ್ಟಿತು. ಜೂನ್‌ನಲ್ಲಿ ಕಟ್ಟೆ ತುಂಬುವುದು ಬಲು ಅಪರೂಪ. ಈ ಮೂರು ವರ್ಷಗಳ ಸರಾಸರಿ ತೆಗೆದು ಯಾರಿಗೆ ಏನು ಹೇಳುತ್ತೀರಿ? ರೋಹಿಣಿ, ಆರಿದ್ರೆ ಎಂದು ನಕ್ಷತ್ರ ಎಣಿಸುತ್ತಿದ್ದ ಹಿರಿಯರು ವರ್ಷದ ಮೊತ್ತ ನೋಡುತ್ತಿರಲಿಲ್ಲ, ಯಾವ ಮಳೆ ಯಾವಾಗ ಹೇಗೆ ಬಂತು ಎಂದು ನೋಡುತ್ತಿದ್ದರು. ಆ ನೋಟವೇ ಈಗ ಬೇಕು. ಜೋರು ಮಳೆ ಹರಿದುಹೋಗುತ್ತದೆ, ಸೋನೆ ಮಳೆ ಇಂಗುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ಆದರೆ 2018ರ ಒಂದು ಅಧ್ಯಯನದ ಪ್ರಕಾರ ಇದು ವಾಯವ್ಯ ಭಾರತಕ್ಕೆ ಸರಿ, ದಕ್ಷಿಣದಲ್ಲಿ ಮರುಪೂರಣಕ್ಕೆ ಹೆಚ್ಚು ನೆರವಾಗುವುದು ಜೋರು ಮಳೆಯೇ. ಇಲ್ಲಿ, ಅಂಗಳಕ್ಕೆಲ್ಲ ಸಿಮೆಂಟು ಬಳಿದಿರುವ ಈ ಬೀದಿಗಳಲ್ಲಿ, ಏನಾಗುತ್ತದೆ? ಮೂವತ್ತು–ನಲವತ್ತರ ಒಂದು ನಿವೇಶನದ ಮೇಲೆ ವರ್ಷಕ್ಕೆ ಸುಮಾರು 89 ಸಾವಿರ ಲೀಟರ್ ಮಳೆ ಬೀಳುತ್ತದೆ. ಅದರಲ್ಲಿ ಎಷ್ಟು ಚರಂಡಿಗೆ, ಎಷ್ಟು ನೆಲಕ್ಕೆ ಎಂಬುದನ್ನು ದಿನದಿನದ ಮಳೆಯನ್ನೂ ಬೋರಿನ ಮಟ್ಟವನ್ನೂ ಅಕ್ಕಪಕ್ಕ ಬರೆದಿಟ್ಟವರು ಮಾತ್ರ ಹೇಳಬಲ್ಲರು.

ಹಾಗೆ ಬರೆದಿಟ್ಟ ಒಂದು ಜಾಗ ನಮ್ಮಿಂದ ದೂರವಿಲ್ಲ. 1997ರವರೆಗೆ ಮೈಸೂರು ಜಿಲ್ಲೆಯೇ ಆಗಿದ್ದ ಗುಂಡ್ಲುಪೇಟೆ ಕಡೆಯ ಬೇರಂಬಾಡಿ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಸಂಶೋಧನಾ ಸಂಸ್ಥೆ ಸೇರಿ ನಡೆಸುವ ಜಲವಿಜ್ಞಾನ ಕೋಶ, ಬಂಡೀಪುರ ಕಾಡಿನೊಳಗಿನ ಮೂಲೆಹೊಳೆಯಲ್ಲಿ 2003ರಿಂದ, ಬೇರಂಬಾಡಿಯ 84 ಚದರ ಕಿಲೋಮೀಟರ್ ಜಲಾನಯನದಲ್ಲಿ 2009ರಿಂದ ಬಿಡದೆ ಅಳೆಯುತ್ತಿದೆ. ಅರಿಶಿನ, ಸೂರ್ಯಕಾಂತಿ, ತರಕಾರಿ ಬೆಳೆಯುವ ರೈತರ ಸುಮಾರು ಇನ್ನೂರು ಬೋರುಗಳ ನೀರು ಪರೀಕ್ಷಿಸಿದಾಗ ಕಂಡದ್ದೇನು? ಎಲ್ಲಿ ನೀರು ಆಳಕ್ಕೆ ಹೋಗಿದೆಯೋ ಅಲ್ಲೇ ನೈಟ್ರೇಟ್ ಕೂಡ ಹೆಚ್ಚು. ಕಾರಣ ಸರಳ. ಗೊಬ್ಬರ ಕರಗಿದ ನೀರು ಇಂಗುತ್ತದೆ, ಅದನ್ನೇ ಬೋರು ಮೇಲೆತ್ತಿ ಅದೇ ಹೊಲಕ್ಕೆ ಬಿಡುತ್ತದೆ, ಮೇಲೆ ಇನ್ನಷ್ಟು ಗೊಬ್ಬರ ಬೀಳುತ್ತದೆ. ಮಟ್ಟ ಅಷ್ಟು ಕೆಳಗಿಳಿದ ಕಡೆ ನೀರು ಹಳ್ಳಕ್ಕೆ ಹರಿದು ಹೊರಹೋಗುವುದೂ ನಿಂತಿದೆ. ಮಟ್ಟವನ್ನು ಒಂದು ಇಲಾಖೆ, ಗುಣಮಟ್ಟವನ್ನು ಇನ್ನೊಂದು ಇಲಾಖೆ ಬೇರೆಬೇರೆ ಬಾವಿಯಲ್ಲಿ, ಬೇರೆಬೇರೆ ತಿಂಗಳಲ್ಲಿ ಅಳೆದಿದ್ದರೆ ಈ ಸಂಬಂಧ ಹೊಳೆಯುತ್ತಲೇ ಇರಲಿಲ್ಲ.

ನಗರದ ಕಥೆ ಇದಕ್ಕಿಂತ ಗೋಜಲು. ಇಲ್ಲಿ ನೆಲಕ್ಕೆ ಮಳೆನೀರಷ್ಟೇ ಇಳಿಯುವುದಿಲ್ಲ. ಕಾವೇರಿಯಿಂದ ತಂದ ನಲ್ಲಿನೀರು ಒಡೆದ ಪೈಪಿನಲ್ಲಿ ಸೋರುತ್ತದೆ, ಒಳಚರಂಡಿಯೂ ಸೋರುತ್ತದೆ. ಬೇಸಗೆಯಲ್ಲೂ ಬೋರು ಬತ್ತಿಲ್ಲ ಎಂದು ಬೀಗುವವರ ಮನೆಯ ಕೆಳಗೆ ಏನು ಇಂಗುತ್ತಿದೆ ಎಂದು ಒಮ್ಮೆ ಪರೀಕ್ಷೆ ಮಾಡಿಸುವುದು ವಾಸಿ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ ಒಂದೂವರೆವರೆಗೆ ನಡೆಯುತ್ತದೆ. ಪಕ್ಕದಲ್ಲೇ ಮೇಟಗಳ್ಳಿ, ಹೆಬ್ಬಾಳಿನ ಕೈಗಾರಿಕಾ ಪ್ರದೇಶ ಇರುವಾಗ ಈ ಎರಡಕ್ಕೇ ಪರೀಕ್ಷೆ ನಿಲ್ಲಿಸಬಾರದು. ಇಲ್ಲಿ ಯಾರ ಮೇಲೂ ದೂರು ಹೇಳುತ್ತಿಲ್ಲ. ದೂರು ಹೇಳಬೇಕಾಗಿ ಬಂದ ದಿನ ನಿಮ್ಮ ಕೈಯಲ್ಲಿ ಹಿಂದಿನ ಹತ್ತು ವರ್ಷದ ಅಂಕಿ ಇಲ್ಲದಿದ್ದರೆ, ‘ಮೊದಲಿಂದಲೂ ಹೀಗೇ ಇತ್ತು’ ಎಂಬ ಉತ್ತರಕ್ಕೆ ನಿಮ್ಮ ಬಳಿ ಮಾತಿರುವುದಿಲ್ಲ. ಮಾದರಿ ತೆಗೆಯುವಾಗ ಮೋಟಾರು ಕೆಲವು ನಿಮಿಷ ಓಡಲಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಬಾಟಲಿಯನ್ನು ಅದೇ ನೀರಲ್ಲಿ ತೊಳೆದು ತುಂಬಿ, ಯಾವ ಬೋರು, ಯಾವ ದಿನ, ಎಷ್ಟು ಗಂಟೆ ಎಂದು ಅಲ್ಲೇ ಬರೆದು ಅಂಟಿಸಿ. ತಂಪಾಗಿಟ್ಟು ಬೇಗ ತಲುಪಿಸಿ. ಚೀಟಿ ಕಿತ್ತುಹೋದ ಬಾಟಲಿಯ ವರದಿಯನ್ನು ಹರಿದುಹಾಕಿ, ಯಾವ ಬೋರಿಗೋ ಅಂಟಿಸಬೇಡಿ.

ಕಾನೂನಿನ ಮಾತು ಎರಡೇ ಸಾಲು. ಅಂತರ್ಜಲ ನಿಯಂತ್ರಣಕ್ಕೆ 2011ರ ರಾಜ್ಯ ಕಾಯ್ದೆ ಇದೆ, ಬಾವಿ ನೋಂದಣಿಯನ್ನೂ ಕೊರೆಯುವ ಯಂತ್ರಗಳ ನೋಂದಣಿಯನ್ನೂ ಅದು ಹೇಳುತ್ತದೆ. ಅಟಲ್ ಭೂಜಲ ಯೋಜನೆಯಲ್ಲಿ ರಾಜ್ಯದ 14 ಜಿಲ್ಲೆಗಳ 1199 ಗ್ರಾಮ ಪಂಚಾಯಿತಿಗಳು ತಮ್ಮ ನೀರಿನ ಆಯವ್ಯಯ ತಾವೇ ಬರೆದವು. ಮೈಸೂರು ಆ ಪಟ್ಟಿಯಲ್ಲಿಲ್ಲ, ನಗರದ ವಾರ್ಡುಗಳಂತೂ ಇಲ್ಲವೇ ಇಲ್ಲ. ನೀರಿನ ಲೆಕ್ಕದ ಆ್ಯಪುಗಳು ಉದ್ಘಾಟನೆಯಾಗುತ್ತವೆ, ಫೋಟೊ ಬರುತ್ತದೆ. ದಿನಾ ಅಂಕಿ ತುಂಬುವವನಿಗೆ ಸಂಬಳ ಇದೆಯೇ ಎಂದು ಯಾರೂ ಕೇಳುವುದಿಲ್ಲ.

ಇನ್ನು ಬೋರು ಕೊರೆಯುವ ರಾತ್ರಿ. ನೀವೆಲ್ಲ ಕಂಡಿದ್ದೀರಿ. ಲಾರಿ ಬಂದು ನಿಲ್ಲುತ್ತದೆ, ಪೂಜೆಯಾಗುತ್ತದೆ, ಬೀದಿಗೆಲ್ಲ ಬಿಳಿ ದೂಳು. ಹುಡುಗರು ರಾಡಿನ ಮೇಲೆ ರಾಡು ಜೋಡಿಸುತ್ತ ಹೋಗುತ್ತಾರೆ. ಮೊದಲು ಕೆಂಪು ಮಣ್ಣು, ಆಮೇಲೆ ಹಳದಿ ಗರಸು, ಆಮೇಲೆ ಬೂದುಬಣ್ಣದ ಪುಡಿ. ನಡುವೆ ದೂಳು ನಿಂತು ಕೆಸರು ಚಿಮ್ಮಿದರೆ ಅಲ್ಲಿ ಬಿರುಕು ಸಿಕ್ಕಿದೆ ಎಂದರ್ಥ. ಭೂವಿಜ್ಞಾನಿಯೊಬ್ಬ ಲಕ್ಷ ಲಕ್ಷ ಖರ್ಚು ಮಾಡಿ ತಿಳಿಯಬೇಕಾದದ್ದು ನಿಮ್ಮ ಮನೆ ಮುಂದೆ, ನಿಮ್ಮದೇ ದುಡ್ಡಿನಲ್ಲಿ, ಅಡಿ ಅಡಿಯಾಗಿ ಹೊರಗೆ ಬರುತ್ತಿರುತ್ತದೆ. ಬೆಳಗಾದರೆ ಆ ಪುಡಿಯನ್ನು ಗುಡಿಸಿ ಮೋರಿಗೆ ಹಾಕುತ್ತೇವೆ, ಲಾರಿ ಇನ್ನೊಂದು ಊರಿಗೆ ಹೋಗುತ್ತದೆ. ಉಳಿಯುವ ದಾಖಲೆ ಒಂದೇ, ಬಿಲ್ಲು. ಅಡಿಗೆ ಇಷ್ಟು ಎಂದು ದುಡ್ಡು ಲೆಕ್ಕ ಹಾಕುವುದರಿಂದ ಅದರಲ್ಲಿ ಒಟ್ಟು ಆಳ ಇರುತ್ತದೆ, ಕೇಸಿಂಗ್ ಎಷ್ಟು ಅಡಿ ಇಳಿಸಿದರು ಎಂಬುದಿರುತ್ತದೆ, ತಾರೀಖು ಇರುತ್ತದೆ. ಕೇಸಿಂಗ್ ಉದ್ದ ನೋಡಿದರೆ ಗರಸಿನ ಪದರ ಎಲ್ಲಿಗೆ ಮುಗಿಯಿತು ಎಂದು ಗೊತ್ತಾಗುತ್ತದೆ. ಇಲ್ಲಿನ ನೂರು ಮನೆಗಳ ಬಿಲ್ಲು ಒಟ್ಟು ಮಾಡಿದರೆ ಕುಂಬಾರಕೊಪ್ಪಲಿನ ತಳದ ನಕ್ಷೆಯೇ ಸಿಕ್ಕಿದಂತೆ.

ಆದ್ದರಿಂದ ನನ್ನ ಕೋರಿಕೆ ದೊಡ್ಡದೇನಲ್ಲ. ಕೆಟ್ಟುಹೋದ ಎರಡು ಬೋರುಗಳನ್ನು ಮಣ್ಣು ತುಂಬಿ ಕೊಲ್ಲದೆ, ಮಕ್ಕಳು ಬೀಳದಂತೆ ಗಟ್ಟಿ ಮುಚ್ಚಳ ಹಾಕಿ ಬೀಗ ಜಡಿದು, ಪಾಲಿಕೆಯ ಅನುಮತಿ ಪಡೆದು ಅಳೆಯುವುದಕ್ಕೆಂದೇ ಇಟ್ಟುಕೊಳ್ಳಿ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇರಲಿ, ದಿನಾ ಬೆಳಿಗ್ಗೆ ಎಂಟೂವರೆಗೆ ಮಕ್ಕಳು ಬರೆಯಲಿ. ಮಳೆ ಬಾರದ ದಿನ ಸೊನ್ನೆ ಬರೆಯಲಿ. ಖಾಲಿ ಬಿಡಬಾರದು, ಸೊನ್ನೆಗೂ ಖಾಲಿಗೂ ಅಜಗಜಾಂತರ. ಕೇಂದ್ರ ಅಂತರ್ಜಲ ಮಂಡಳಿ ಅಳೆಯುವ ಅದೇ ನಾಲ್ಕು ತಿಂಗಳಲ್ಲಿ ನೀವೂ ಅಳೆಯಿರಿ, ಆಗ ಅವರ ಅಂಕಿಯ ಪಕ್ಕದಲ್ಲಿ ನಿಮ್ಮದನ್ನು ಇಟ್ಟು ನೋಡಬಹುದು. ದಪ್ಪ ರಟ್ಟಿನ ಪುಸ್ತಕ ಒಂದು, ಅದರ ನಕಲು ಕಂಪ್ಯೂಟರಿನಲ್ಲಿ ಒಂದು. ತಿದ್ದುವುದಿದ್ದರೆ ಹಳೆಯ ಅಂಕಿಯನ್ನು ಒಂದು ಗೆರೆಯಿಂದ ಹೊಡೆದು ಪಕ್ಕದಲ್ಲಿ ಹೊಸದನ್ನು ಬರೆದು ಸಹಿ ಹಾಕಿ. ಬಿಳಿ ಬಣ್ಣ ಬಳಿದು ಅಳಿಸಬೇಡಿ.

ಸಭೆ ಮುಗಿದ ಮೇಲೆ ಇದನ್ನು ಏರ್ಪಡಿಸಿದ ಸಂಘದವರು ಬಾಗಿಲ ಬಳಿ ಒಂದು ಪೆಟ್ಟಿಗೆ ಇಟ್ಟಿರುತ್ತಾರೆ. ಈ ವಾರದೊಳಗೆ ನಿಮ್ಮ ಬೀರುವಿನಲ್ಲಿರುವ ಬೋರಿನ ಬಿಲ್ಲು ಹುಡುಕಿ, ಅದರ ಜೆರಾಕ್ಸ್ ತಂದು ಹಾಕಿ. ಎರಡು ಬೋರು ಕೊರೆಸಿದ್ದರೆ ಎರಡರದ್ದೂ ಬೇಕು. ಫೇಲಾದದ್ದರ ಬಿಲ್ಲನ್ನು ದಯವಿಟ್ಟು ಮೊದಲು ತನ್ನಿ.